ಗುಂಗುರಿಯ ಕೂದಲಿಗೊಂದು ಬ್ರಷ್

ಜನವರಿ 8

ತಂಗೀ,

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಏನೋ ಕೆಲಸ ಆಗಬೇಕಾಗಿದೆ, ಅದಕ್ಕೇ ನೆನಪು ಬಂದಿದೆ ಎಂದು ನೀನು ಅಂದುಕೊಳ್ಳುತ್ತೀಯ. ಅಂದುಕೋ. ನಿಜವೇ.

ಬಲಗೈ ನಡುಗುತ್ತಿದೆ. ಮೊದಲು ಹೆಬ್ಬೆರಳೊಂದೇ ಮಿಡುಕುತ್ತಿತ್ತು, ಈಗ ಮಣಿಕಟ್ಟಿನವರೆಗೆ ಬಂದಿದೆ. ಡಾಕ್ಟರು ಹೊತ್ತಿಗೊಂದು ಮಾತ್ರೆ ಬರೆದುಕೊಟ್ಟು, "ಇದು ವಾಸಿ ಆಗೋದಲ್ಲ, ಒಗ್ಗಿಸಿಕೊಳ್ಳಬೇಕು" ಅಂದರು. ನಾನು ಚಿತ್ರ ಬರೆಯುವವಳು ಎಂದೆ. "ಒಳ್ಳೇದು. ಮನಸ್ಸಿಗೆ ಹಿತವಾಗಿರತ್ತೆ, ಬಿಡಬೇಡಿ" ಅಂದರು. ಇಪ್ಪತ್ತೆರಡು ವರ್ಷದ ಕಸುಬಿನ ಬಗ್ಗೆ ಅವರು ತೋಟಕ್ಕೆ ನೀರು ಹಾಕುವ ಹವ್ಯಾಸವೇನೋ ಎಂಬ ಹಾಗೆ ಮಾತಾಡಿದರು. ಎದ್ದು ಬಂದೆ.

ಮಕ್ಕಳು ಕಾಯುತ್ತಿರುವ ಗುಂಗುರಿಯ ಹತ್ತನೆಯ ಚಿತ್ರಪುಸ್ತಕವನ್ನು ಪ್ರಕಾಶಕರಿಗೆ ಮೇ ತಿಂಗಳಿಗೆ ಕೊಡಬೇಕು. ಮೂವತ್ತೆರಡು ಪುಟ. ಆಗಿರುವುದು ನಾಲ್ಕು. ನನ್ನ ಕಡ್ಡಿ ಬ್ರಷ್ಷಿನ ಫೈಲನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ನಿನಗೆ ಗೊತ್ತಲ್ಲ, ಬೆಂಕಿಕಡ್ಡಿಯ ತುದಿ ಅಗಿದು, ಮಸಿಯಲ್ಲಿ ಅದ್ದಿ, ಒರಟು ಕಾಗದದ ಮೇಲೆ ಒತ್ತಿ, ಆ ಗುರುತನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಂಡದ್ದು. ಒಂಬತ್ತು ಪುಸ್ತಕ ಅದೊಂದರಲ್ಲೇ ಬರೆದೆ. ಪೆನ್ನನ್ನು ಟ್ಯಾಬ್ಲೆಟ್ ಮೇಲೆ ಮೆಲ್ಲಗೆ ಇಟ್ಟರೆ ಕೂದಲೆಳೆ, ಅದುಮಿದರೆ ಜಡೆಯಷ್ಟು ದಪ್ಪ. ಈಗ ಕೈಯ ಜೊತೆ ಒತ್ತಡವೂ ಏರಿಳಿದು, ಗೆರೆ ಕಪ್ಪೆ ನುಂಗಿದ ಹಾವಿನಂತೆ ಅಲ್ಲಲ್ಲಿ ಉಬ್ಬುತ್ತದೆ.

ನೀನು ಪ್ಯಾಕೆಟ್ ಡಿಸೈನಿನ ಆಫೀಸಿನಲ್ಲಿ ದಿನವಿಡೀ ಇದೇ ಸಾಫ್ಟ್‌ವೇರಿನ ಜೊತೆ ಗುದ್ದಾಡುತ್ತೀಯ. ಇದನ್ನು ನನ್ನ ಕೈಗೆ ತಕ್ಕ ಹಾಗೆ ಸರಿಮಾಡಿಕೊಡು. ಫೋನ್ ಬೇಡ. ಫೋನಿನಲ್ಲಿ ನಾವು ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ.

ಇಂತಿ,
ಅಕ್ಕ

ಜನವರಿ 19

ಅಕ್ಕಾ,

ಬ್ರಷ್ ತೆರೆದು ನೋಡಿದೆ. ಎಷ್ಟೇ ಸಿಂಗಾರ ಮಾಡಿದರೂ ಬ್ರಷ್ ಅಂದರೆ ಒಂದು ಮುದ್ರೆ. ಅದನ್ನು ಒತ್ತೊತ್ತಾಗಿ ಊರಿಕೊಂಡು ಹೋದರೆ ಕಣ್ಣಿಗೆ ಗೆರೆ ಅನ್ನಿಸುತ್ತದೆ. ನಿನ್ನ ಮುದ್ರೆ ಚೆನ್ನಾಗಿದೆ, ಅದನ್ನು ಮುಟ್ಟಿಲ್ಲ.

ಒತ್ತಡಕ್ಕೂ ದಪ್ಪಕ್ಕೂ ಇದ್ದ ನಂಟನ್ನು ಕಡಿದಿದ್ದೇನೆ. ಇನ್ನು ಎಷ್ಟು ಅದುಮಿದರೂ ಒಂದೇ ದಪ್ಪ. ಸ್ಮೂದಿಂಗನ್ನು ಎಂಟರಿಂದ ಅರವತ್ತಕ್ಕೆ ಏರಿಸಿದ್ದೇನೆ. ಕೈ ನಡುಗಿದರೆ ಅದು ನಡುಕವನ್ನು ಜರಡಿ ಹಿಡಿದು, ನೀನು ಎಳೆಯಬೇಕೆಂದಿದ್ದ ಗೆರೆಯನ್ನು ಮಾತ್ರ ಬಿಡುತ್ತದೆ. ಆದರೆ ಗೆರೆ ತೀರಾ ತಂತಿಯಂತೆ ಬಂತು. ಅದಕ್ಕೆ ದಪ್ಪ ಅಲ್ಲಲ್ಲಿ ತಾನಾಗಿಯೇ ಒಂದಿಷ್ಟು ಹೆಚ್ಚುಕಡಿಮೆ ಆಗಲಿ ಎಂದು ಬಿಟ್ಟಿದ್ದೇನೆ.

ಕಾಯಿಲೆ ಯಾವಾಗಿನಿಂದ ಎಂದು ಕೇಳುವುದಿಲ್ಲ. ಅಮ್ಮನ ಕಾಯಿಲೆ ಯಾವಾಗಿನಿಂದ ಎಂದು ನೀನೂ ಕೇಳಿರಲಿಲ್ಲ.

ತಂಗಿ

ಫೆಬ್ರವರಿ 11

ತಂಗೀ,

ಕೊನೆಯ ಸಾಲು ಓದಿದೆ. ಓದಿಲ್ಲ ಎಂದು ತಿಳಿಯಬೇಡ.

ಬ್ರಷ್ಷಿನ ವಿಷಯ. ಉದ್ದದ ಗೆರೆ ಬರುತ್ತದೆ. ಗೋಡೆ, ಮೆಟ್ಟಿಲು, ಕೊಡೆಯ ಹಿಡಿ, ಎಲ್ಲ ನೀಟಾಗಿ ಬರುತ್ತವೆ. ಆದರೆ ಪೆನ್ನು ಮುಂದೆ ಹೋಗುತ್ತದೆ, ಗೆರೆ ಹಗ್ಗ ಕಟ್ಟಿ ಎಳೆದ ಮೊಂಡು ಕರುವಿನಂತೆ ಹಿಂದಿನಿಂದ ಬರುತ್ತದೆ. ಮೂಲೆ ಕಂಡಲ್ಲೆಲ್ಲ ದುಂಡಗೆ ತಿರುಗಿಬಿಡುತ್ತದೆ. ಗುಂಗುರಿಯ ಮೊಣಕೈ ಈಗ ಬಳ್ಳಿ. ಕಣ್ಣಿನ ರೆಪ್ಪೆ ಬರೆಯಲು ಹೋದರೆ ಏನೂ ಮೂಡುವುದೇ ಇಲ್ಲ. ಅಷ್ಟು ಸಣ್ಣ ಗೆರೆಯನ್ನು ನಡುಕವೆಂದೇ ತಿಳಿದು ನುಂಗಿಬಿಡುತ್ತದೆ. ಕೂದಲಂತೂ ಕೇಳಬೇಡ. ಒಂದೊಂದು ಗುಂಗುರೂ ಸಡಿಲವಾಗಿ ಅಲೆಯಾಗಿ ಹರಿದುಹೋಗುತ್ತದೆ. ಗುಂಗುರು ಇಲ್ಲದ ಗುಂಗುರಿಯನ್ನು ಯಾರು ನೋಡುತ್ತಾರೆ?

ಮತ್ತೆ ಆ ತಾನಾಗಿ ಆಗುವ ಹೆಚ್ಚುಕಡಿಮೆ. ನನ್ನ ನಡುಕವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಅಳತೆ ಹಾಕಿದ ನಡುಕ ಇಟ್ಟಿದ್ದೀಯ. ನಗು ಬಂತು.

ಮೊನ್ನೆ ಪ್ರಕಾಶನದ ಸಂಪಾದಕಿ ಮನೆಗೆ ಬಂದಿದ್ದಳು. ಮಾತಾಡಿದಷ್ಟು ಹೊತ್ತೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಎರಡು ಲೋಟ ಟೀ ಮೊದಲೇ ಮೇಜಿನ ಮೇಲಿಟ್ಟಿದ್ದೆ, ನಾನು ಕುಡಿಯಲಿಲ್ಲ. "ನೀವು ತಗೊಳ್ಳಲ್ವಾ?" ಅಂದಳು. "ಈಗ ತಾನೇ ಆಯ್ತು" ಅಂದೆ. ಅವಳು ಹೋದ ಮೇಲೆ ಆರಿದ ಟೀಯನ್ನು ಲೋಟ ಮೇಜಿನ ಮೇಲೇ ಇಟ್ಟು, ಬಗ್ಗಿ, ಬಾಯಿ ಹಚ್ಚಿ ಕುಡಿದೆ.

ಗುಂಗುರು ಬರೆಯಲು ಏನಾದರೂ ದಾರಿ ಹುಡುಕು.

ಅಕ್ಕ

ಮಾರ್ಚ್ 3

ಅಕ್ಕಾ,

ಈ ಸಲ ಎರಡು ಬ್ರಷ್ ಇವೆ. ಒಂದು ಉದ್ದದ ಗೆರೆಗೆ, ಹಳೆಯದೇ. ಇನ್ನೊಂದು ಕೂದಲಿಗೆ. ಕೂದಲಿನದರಲ್ಲಿ ನೀನು ಗೆರೆ ಎಳೆಯುವುದೇ ಬೇಡ. ಮೂರು ಗುಂಗುರುಗಳನ್ನು ನಾನೇ ಬರೆದು ಮುದ್ರೆ ಮಾಡಿದ್ದೇನೆ. ಪೆನ್ನನ್ನು ತಲೆಯ ಮೇಲೆ ಆಡಿಸಿಕೊಂಡು ಹೋದರೆ ಒಂದಾದ ಮೇಲೊಂದು ಬೀಳುತ್ತವೆ, ಕೈ ತಿರುಗಿದ ಕಡೆ ತಿರುಗುತ್ತವೆ. ಕೈ ನಡುಗಿದರೆ ಇನ್ನೂ ಚೆನ್ನ, ಕೂದಲು ಕೆದರಿದಂತೆ ಕಾಣುತ್ತದೆ.

ಆ ಮೂರು ಗುಂಗುರು ಬರೆಯಲು ಎರಡು ಭಾನುವಾರ ಹಿಡಿಯಿತು. ನಿನ್ನ ಹಾಗೆ ಬರೆಯಬೇಕಿತ್ತಲ್ಲ. ನಿನ್ನ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ತೀಡಿದೆ, ಬರಲಿಲ್ಲ. ಕೊನೆಗೆ ಕನ್ನಡಿ ತಂದಿಟ್ಟುಕೊಂಡು ನನ್ನ ತಲೆಯನ್ನೇ ನೋಡಿ ಬರೆದೆ. ಬಂತು. ಹಾಗಿದ್ದರೆ ನೀನೂ ಇಷ್ಟು ವರ್ಷ ನೋಡಿದ್ದು ಇದನ್ನೇ. ನೀನು ನನ್ನ ಕೂದಲು ತೆಗೆದುಕೊಂಡೆ, ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರನ್ನೂ ಪುಸ್ತಕದ ಹುಡುಗಿಗೇ ಇಟ್ಟೆ. ಈಗ ಆಫೀಸಿನಲ್ಲಿ ಯಾರಾದರೂ ಗುಂಗುರಿ ಅಂದರೆ ಪುಸ್ತಕದ ಹುಡುಗಿಯ ಮಾತು ಎಂದು ನಾನು ತಲೆ ಎತ್ತುವುದಿಲ್ಲ.

ಬ್ರಷ್ ಹೇಗೆ ಕೂರುತ್ತದೆ ನೋಡಲು ಏಳನೇ ಪುಟವನ್ನು ಬರೆದು ನೋಡಿದೆ. ಫೈಲಿನ ಜೊತೆ ನೀನು ಕಳಿಸಿದ್ದ ಕಥೆಯಲ್ಲಿ ಗುಂಗುರಿ ಮಾಳಿಗೆಯಿಂದ ಇಣುಕುವ ಪುಟ. ಕಳಿಸಿದ್ದೇನೆ. ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ಸೋಪಿನ ಪೊಟ್ಟಣ ಬಿಟ್ಟು ಬೇರೆ ಏನೂ ಬರೆದಿರಲಿಲ್ಲ.

ತಂಗಿ

ಮಾರ್ಚ್ 20

ನನ್ನ ಮುದ್ದು ಗುಂಗುರೀ,

ಬೈಯಬೇಡ. ಏಳನೇ ಪುಟವನ್ನು ಸಂಪಾದಕಿಗೆ ಕಳಿಸಿಬಿಟ್ಟೆ. ಅವಳು ಕೂಡಲೇ ಫೋನ್ ಮಾಡಿದಳು. "ಮೇಡಂ, ಇಷ್ಟು ವರ್ಷದಲ್ಲಿ ಇಂಥ ಪುಟ ನೀವು ಬರೆದೇ ಇರಲಿಲ್ಲ. ಎಂಥ ಜೀವ ಇದೆ ಇದರಲ್ಲಿ!" ಅಂದಳು. "ಹೊಸ ಬ್ರಷ್" ಅಂದೆ.

ಸುಳ್ಳು ಹೇಳಿದಂತಾಯಿತೇ? ಬ್ರಷ್ ಹೊಸದು ತಾನೇ.

ಉಳಿದದ್ದನ್ನೂ ನೀನೇ ಬರೆದುಕೊಡು. ಯಾವ ಪುಟದಲ್ಲಿ ಯಾರು ಎಲ್ಲಿ ನಿಂತಿರಬೇಕು, ಬೆಳಕು ಎಲ್ಲಿಂದ ಎಂದು ನಾನು ಬರೆದು ಕಳಿಸುತ್ತೇನೆ. ಗುಂಗುರಿ ನನ್ನ ತಲೆಯಲ್ಲಿ ಸ್ಪಷ್ಟವಾಗಿದ್ದಾಳೆ. ಕೈಗಿಳಿಯುವಾಗ ಮಾತ್ರ ದಾರಿ ತಪ್ಪುತ್ತಾಳೆ. ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಸದ್ಯಕ್ಕೆ ಯಾರಿಗೂ ಹೇಳಬೇಡ.

ನಿನ್ನ ಅಕ್ಕ

ಮೇ 9

ಅಕ್ಕಾ,

ಕೊನೆಯ ಆರು ಪುಟ ಜೊತೆಗಿವೆ. ನಿನ್ನ ನಾಲ್ಕನ್ನು ಬಿಟ್ಟು ಇಪ್ಪತ್ತೆಂಟೂ ಮುಗಿದವು. ಹತ್ತೊಂಬತ್ತನೇ ಪುಟದಲ್ಲಿ ನೀನು ಹೇಳಿದ ಬೆಳಕನ್ನು ಬದಲಿಸಿದ್ದೇನೆ. ಅಮ್ಮ ಮಗಳು ಕಿಟಕಿಯಲ್ಲಿ ಕೂತಾಗ ಬೆಳಕು ಮಗಳ ಮೇಲೆ ಬೀಳಬೇಕು ಅಂದಿದ್ದೆ. ನಾನು ಅಮ್ಮನ ಮೇಲೆ ಹಾಕಿದೆ.

ಈ ಎರಡು ತಿಂಗಳು ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟವಳೇ ಟ್ಯಾಬ್ಲೆಟ್ ಮುಂದೆ ಕೂರುತ್ತಿದ್ದೆ. ಬೇಸರ ಬರಲಿಲ್ಲ. ನಿನ್ನ ಗೆರೆಯಂತೆ ಇರಲಿ ಎಂದು ಶುರುಮಾಡಿದ್ದು, ಇಪ್ಪತ್ತನೇ ಪುಟದ ಹೊತ್ತಿಗೆ ನಿನ್ನ ಪುಸ್ತಕ ತೆರೆದು ನೋಡುವುದನ್ನೇ ಮರೆತಿದ್ದೆ.

ಒಂದು ಮಾತು ಕೇಳುತ್ತೇನೆ. ಒಳಪುಟದಲ್ಲಿ 'ಚಿತ್ರಗಳು' ಎಂದು ನಿನ್ನ ಹೆಸರು ಹಾಕುತ್ತಾರಲ್ಲ, ಅದರ ಕೆಳಗೆ ನನ್ನ ಹೆಸರೂ ಇರಲಿ. ಚಿಕ್ಕ ಅಕ್ಷರ ಸಾಕು. ಬೇರೆ ಏನೂ ಬೇಡ.

ತಂಗಿ

ಮೇ 30

ತಂಗೀ,

ಪುಟಗಳು ಬಂದವು. ಪುಸ್ತಕ ಅಚ್ಚಿಗೆ ಹೋಯಿತು.

ನೀನು ಕೇಳಿದ ವಿಷಯ. ಈ ಮುದ್ರಣಕ್ಕೆ ಆಗಲಿಲ್ಲ. ಒಳಪುಟ ಮೊದಲೇ ಸಿದ್ಧವಾಗಿತ್ತಂತೆ. ಮುಂದಿನ ಮುದ್ರಣದಲ್ಲಿ ನೋಡೋಣ. ಈಗ ಎರಡನೇ ಹೆಸರು ಹಾಕಿದರೆ ಯಾಕೆ ಏನು ಎಂದು ನೂರು ಪ್ರಶ್ನೆ ಏಳುತ್ತವೆ. ನನ್ನ ಕೈ ಎಲ್ಲರ ಬಾಯಿಗೆ ಬೀಳುತ್ತದೆ.

ಅಷ್ಟಕ್ಕೂ ಯೋಚಿಸು. ಗುಂಗುರಿ ನನ್ನವಳು. ಬ್ರಷ್ ನನ್ನದು. ಯಾವ ಪುಟದಲ್ಲಿ ಏನಿರಬೇಕು ಎಂದು ಹೇಳಿದವಳು ನಾನು. ನೀನು ಕೈ ಕೊಟ್ಟೆ. ಅದನ್ನು ನಾನು ಮರೆಯುವುದಿಲ್ಲ.

ಅಕ್ಕ

ಆಗಸ್ಟ್ 24

ಅಕ್ಕಾ,

ಮೂರು ತಿಂಗಳು ಕಾದೆ. ನೀನಾಗಿಯೇ ಒಂದು ಪ್ರತಿ ಕಳಿಸುತ್ತೀಯ ಅಂದುಕೊಂಡಿದ್ದೆ. ಬರಲಿಲ್ಲ. ಶನಿವಾರ ಆಫೀಸಿನ ಹತ್ತಿರದ ಪುಸ್ತಕದಂಗಡಿಗೆ ಹೋದೆ. ಗಾಜಿನ ಹಿಂದೆ ಗುಂಗುರಿಯನ್ನು ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯವಳು, "ಇದನ್ನೇ ತಗೊಳ್ಳಿ, ಹತ್ತರಲ್ಲಿ ಇದೇ ಚೆನ್ನಾಗಿರೋದು. ನಮ್ಮ ಮಗಳು ತಲೆದಿಂಬಿನ ಹತ್ರ ಇಟ್ಕೊಂಡೇ ಮಲಗ್ತಾಳೆ" ಅಂದಳು. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ತೆರೆದೆ.

ಒಳಪುಟದಲ್ಲಿ ನಿನ್ನ ಹೆಸರು. ನಿನ್ನದೊಂದೇ. ಮುಂದಿನ ಪುಟದಲ್ಲಿ ಅರ್ಪಣೆ: 'ಗುಂಗುರು ಕೂದಲಿನ ನನ್ನ ತಂಗಿಗೆ.'

ಒಳಪುಟ ಮೊದಲೇ ಸಿದ್ಧವಾಗಿತ್ತು ಎಂದು ಬರೆದಿದ್ದೆಯಲ್ಲ, ಅರ್ಪಣೆಗೆ ಹೇಗೆ ಜಾಗ ಸಿಕ್ಕಿತು? ಬರೆದವಳಿಗೆ ಪುಸ್ತಕವನ್ನು ಬಹುಮಾನ ಕೊಟ್ಟಿದ್ದೀಯ. ಅಂಗಡಿಯಲ್ಲೇ ನಿಂತು ಎರಡು ಸಲ ಓದಿದೆ. ಅಮ್ಮ ತೀರಿಕೊಂಡಾಗಿನ ದಿನ ನೆನಪಾಯಿತು. ಎರಡು ವರ್ಷ ಅವಳ ಹಾಸಿಗೆ ಬದಲಿಸಿದವಳು ನಾನು. ಎಲ್ಲ ಮುಗಿದು ಎರಡು ದಿನದ ಮೇಲೆ ನೀನು ಬಂದೆ. ಬಂದವರೆಲ್ಲ ನಿನ್ನ ಕೈ ಹಿಡಿದುಕೊಂಡು, "ಪಾಪ, ಅಷ್ಟು ಕೆಲಸ ಬಿಟ್ಟು ಓಡಿಬಂದಳಲ್ಲ" ಅಂದರು. ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ಆಗಲೂ ನೀನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

'ನೀನು ಕೈ ಕೊಟ್ಟೆ' ಎಂದು ಬರೆದಿದ್ದೆ. ಬರೆಯುವಾಗ ಆ ಮಾತಿನ ಇನ್ನೊಂದು ಅರ್ಥ ನಿನಗೆ ಹೊಳೆದಿರಲಿಕ್ಕಿಲ್ಲ. ಚಿತ್ರಗಳು ನನ್ನವೆಂದು ನಿನ್ನೆ ಸಂಪಾದಕಿಗೆ ಪತ್ರ ಬರೆದು, ಇಪ್ಪತ್ತೆಂಟು ಪುಟಗಳ ಮೂಲ ಫೈಲುಗಳನ್ನು, ಮೊದಲ ಕಚ್ಚಾ ಗೆರೆಯಿಂದ ಹಿಡಿದು ಪದರ ಪದರವಾಗಿ ಎಲ್ಲ ಲೇಯರ್ ಸಮೇತ, ಕಳಿಸಿದ್ದೇನೆ. ಈಗ ಎರಡು ಅರ್ಥದಲ್ಲೂ ಕೊಟ್ಟಂತಾಯಿತು.

ತಂಗಿ

ಸೆಪ್ಟೆಂಬರ್ 16

ನಿನಗೆ,

ಸಂಪಾದಕಿ ಬಂದಿದ್ದಳು. ಈ ಸಲ ಟೀ ಬೇಡ ಅಂದಳು. ಚೀಲದಿಂದ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಒಂದೇ ಒಂದು ಗುಂಗುರು ಬರೆದು ತೋರಿಸಿ. ನಿಮ್ಮ ತಂಗಿ ಸುಳ್ಳು ಹೇಳ್ತಿದಾರೆ ಅಂತ ಆಫೀಸಲ್ಲಿ ಹೇಳ್ಬಿಡ್ತೀನಿ."

"ಈಗ ಮನಸ್ಸಿಲ್ಲ" ಅಂದೆ.

"ಒಂದು ಸುತ್ತು, ಅಷ್ಟೇ."

ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬರೆಯಲು ಹೋದೆ. ಪೆನ್ಸಿಲ್ ಹಾಳೆಯ ಮೇಲೆ ಟಕಟಕ ಕುಟ್ಟಿತು. ಅವಳು ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನ ಪುಸ್ತಕ ಓದಿ ಬೆಳೆದವಳು. "ಸಾಕು, ಬಿಡಿ" ಎಂದು ಪೆನ್ಸಿಲನ್ನು ನನ್ನ ಬೆರಳುಗಳಿಂದ ತಾನೇ ಬಿಡಿಸಿಕೊಂಡಳು.

ಸರಣಿ ನಿಲ್ಲುವುದಿಲ್ಲವಂತೆ. ಹನ್ನೊಂದನೆಯದನ್ನು ನೀನು ಬರೆಯುತ್ತೀಯಂತೆ, ಒಪ್ಪಿದ್ದೀಯಂತೆ. ಹುಡುಗಿಯ ಮೇಲಿನ ಹಕ್ಕು ಮೊದಲಿನ ಕರಾರಿನಿಂದಲೂ ಪ್ರಕಾಶನದವರದೇ, ನಾನು ಓದದೆ ಸಹಿ ಹಾಕಿದ್ದೆ. ನೀನು ಕೇಳಿದ್ದು ಒಂದು ಸಾಲು. ತೆಗೆದುಕೊಂಡಿದ್ದು ಹುಡುಗಿಯನ್ನೇ.

ಆ ಸಾಲನ್ನು ಮುಂದಿನ ಮುದ್ರಣದಲ್ಲಿ ಕೊಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ಕೊಡುತ್ತಿರಲಿಲ್ಲ. ನಿನ್ನ ಹೆಸರು ಅಚ್ಚಾದ ದಿನ ನನ್ನ ಕೆಲಸ ಮುಗಿಯಿತೆಂದೂ ಅಚ್ಚಾದಂತೆ. ಇದಕ್ಕಿಂತ ಹೆಚ್ಚಿನ ಕಾರಣ ಇರಲಿಲ್ಲ. ಅಮ್ಮನ ಹತ್ತಿರ ಬಾರದೆ ಇದ್ದದ್ದಕ್ಕೂ ದೊಡ್ಡ ಕಾರಣ ಇರಲಿಲ್ಲ. ಕಾಯಿಲೆಯ ಕೋಣೆಗೆ ಬರಲು ಹೆದರುತ್ತಿದ್ದೆ. ಕೆಲಸ ಒಂದು ನೆಪವಾಗಿ ಸಿಕ್ಕಿತು.

ಇನ್ನು ಬರೆಯಬೇಡ.

ಸಹಿ ಹಾಕಲು ಆಗುತ್ತಿಲ್ಲ.

ಡಿಸೆಂಬರ್ 2

ಅಕ್ಕಾ,

ಬರೆಯಬೇಡ ಅಂದಿದ್ದೆ. ಇದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಸೆಪ್ಟೆಂಬರಿನಲ್ಲೇ ಪ್ಯಾಕೆಟ್ ಆಫೀಸಿನ ಕೆಲಸ ಬಿಟ್ಟೆ. ಹನ್ನೊಂದನೇ ಪುಸ್ತಕದ ಎಂಟು ಪುಟ ಬರೆದಿದ್ದೆ. ಸಂಪಾದಕಿ ಫೋನ್ ಮಾಡಿ, "ವರ್ಷಕ್ಕೆ ಮೂರು ಪುಸ್ತಕ ತರೋಣ ಅಂತಿದೀವಿ. ನಮ್ಮ ಆಫೀಸಿನ ಹುಡುಗಿಯರೂ ಕೈ ಜೋಡಿಸ್ತಾರೆ. ಗೆರೆ ಒಂದೇ ಥರ ಇರಬೇಕಲ್ಲ, ನಿಮ್ಮ ಬ್ರಷ್‌ಗಳನ್ನ ಕಳಿಸಿಕೊಡಿ" ಅಂದಳು. ಕಳಿಸಿದೆ. ಬರೀ ಕಳಿಸಿದ್ದಲ್ಲ, ಕೂದಲಿಗೆ ಇದು, ಗೋಡೆಗೆ ಇದು, ಸ್ಮೂದಿಂಗ್ ಇಷ್ಟು ಎಂದು ಎರಡು ಪುಟ ವಿವರವಾಗಿ ಬರೆದೂ ಕೊಟ್ಟೆ. ನನ್ನ ಬ್ರಷ್ ಎಂದು ಕೇಳಿದಳಲ್ಲ, ಆ ಒಂದು ಮಾತಿಗೆ ಉಬ್ಬಿಹೋಗಿದ್ದೆ.

ಕಳೆದ ವಾರ ಅವಳಿಂದ ಎರಡು ಸಾಲಿನ ಮೇಲ್ ಬಂತು. ಉಳಿದದ್ದನ್ನು ಆಫೀಸಿನವರೇ ಮುಗಿಸುತ್ತಾರೆ, ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ ಎಂದು. ಹೋಗಿ ಕೇಳಿದೆ. ಪುಟಗಳನ್ನು ತೋರಿಸಿದರು. ಮೂರು ಹುಡುಗಿಯರು ಸಾಲಾಗಿ ಕೂತು ಬರೆಯುತ್ತಿದ್ದರು. ಪೆನ್ನು ಹಿಡಿದು ತಲೆಯ ಮೇಲೆ ಎರಡು ಸಲ ಉಜ್ಜಿದರೆ ಗುಂಗುರಿಯ ಕೂದಲು ಮುಗಿಯಿತು. ಪ್ರತಿ ಪುಟದಲ್ಲೂ ಅದೇ ಮೂರು ಸುರುಳಿ. ಗಾಳಿ ಬೀಸಿದಾಗಲೂ ಅವೇ, ಮಲಗಿ ಎದ್ದಾಗಲೂ ಅವೇ. "ಇಲ್ಲಿ ಕೈಯಲ್ಲಿ ಬರೆಯಬೇಕು" ಅಂದೆ. ಒಬ್ಬಳು ನಕ್ಕು, "ಯಾಕೆ ಮೇಡಂ? ಮಕ್ಕಳಿಗೆ ಗೊತ್ತಾಗಲ್ಲ" ಅಂದಳು.

ಒಳಪುಟವನ್ನೂ ನೋಡಿದೆ. 'ಚಿತ್ರಗಳು: ಕಲಾ ವಿಭಾಗ' ಎಂದಿದೆ. ನಿನ್ನ ಹೆಸರಿಲ್ಲ. ನನ್ನದೂ ಇಲ್ಲ.

ನೀನು ಅವತ್ತು ಒಂದು ಸಾಲು ಕೊಟ್ಟಿದ್ದರೆ ಇದಾಗುತ್ತಿರಲಿಲ್ಲ. ನಾನು ಅವಳಿಗೆ ಬರೆಯದಿದ್ದರೂ ಆಗುತ್ತಿರಲಿಲ್ಲ. ಯಾವುದು ಮೊದಲು ಎಂದು ಜಗಳ ಆಡುವ ಆಸೆ ನನಗಿಲ್ಲ.

ತಂಗಿ

ಜನವರಿ 20

ತಂಗೀ,

ನಿನ್ನ ಪತ್ರ ಓದಿ ಖುಷಿಯಾಯಿತು. ಮುಚ್ಚಿಡುವುದೇಕೆ? ಎರಡು ದಿನ ಚೆನ್ನಾಗಿ ಊಟ ಮಾಡಿದೆ. ಮೂರನೇ ದಿನ ಗುಂಗುರಿಯ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿ ಹರಡಿಕೊಂಡು ಕೂತೆ. ಹತ್ತನೆಯದೇ ಚೆನ್ನಾಗಿದೆ. ಹತ್ತೊಂಬತ್ತನೇ ಪುಟದಲ್ಲಿ ಅಮ್ಮನ ಮೇಲೆ ಬೆಳಕು ಹಾಕಿದ್ದೀಯಲ್ಲ, ಅದು ನನಗೆ ಕೈ ಸರಿ ಇದ್ದಾಗಲೂ ಹೊಳೆಯುತ್ತಿರಲಿಲ್ಲ. ಇದನ್ನು ಮೇ ತಿಂಗಳಲ್ಲೇ ಹೇಳಬೇಕಿತ್ತು. ಆಗ ಹೊಟ್ಟೆ ಉರಿದಿತ್ತು.

ನಡುಕ ಈಗ ಎಡಗೈಗೂ ಬಂದಿದೆ. ಈ ಪತ್ರವನ್ನು ಪಕ್ಕದ ಮನೆಯವಳು ನಾನು ಹೇಳಿದಂತೆ ಬರೆದುಕೊಳ್ಳುತ್ತಿದ್ದಾಳೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಬೆಳಗ್ಗೆ ರವಿಕೆಯ ಗುಂಡಿ ಹಾಕಲು ಬರುವುದಿಲ್ಲ. ಇವಳು ಬಂದು ಹಾಕಿ ಹೋಗುತ್ತಾಳೆ. ತಿಂಗಳ ಕೊನೆಗೆ ಇವಳೂ ಮನೆ ಖಾಲಿ ಮಾಡುತ್ತಾಳೆ. ಹೋದ ವಾರ ಬಚ್ಚಲಲ್ಲಿ ಜಾರಿದೆ. ಹೆಚ್ಚೇನೂ ಆಗಿಲ್ಲ.

ಬಾ. ಕ್ಷಮಿಸಿ ಕರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಕ್ಷಮಿಸಿಲ್ಲ. ನೀನು ಕ್ಷಮಿಸಿದ್ದೀಯ ಎಂದೂ ಅಂದುಕೊಂಡಿಲ್ಲ. ಒಬ್ಬಳೇ ಆಗುತ್ತಿಲ್ಲ ಎಂದು ಕರೆಯುತ್ತಿದ್ದೇನೆ.

ಅಕ್ಕ

ಜನವರಿ 23

ಅಕ್ಕಾ,

ನಿನ್ನ ಪತ್ರ ಓದಿದೆ. ಒಮ್ಮೆ ಒಬ್ಬರನ್ನು ನೋಡಿಕೊಂಡವಳಿಗೆ ಆ ಕೆಲಸ ಏನೆಂದು ಗೊತ್ತಿರುತ್ತದೆ. ಅದಕ್ಕೇ ಭಯ. ಅಮ್ಮನ ಮೇಲೆ ನನಗೆ ಸಿಟ್ಟಿರಲಿಲ್ಲ, ಅಷ್ಟಾದರೂ ಆಗ ಎಷ್ಟೋ ಸಲ ಕೂಗಾಡಿದ್ದೇನೆ. ನಿನ್ನ ಮೇಲೆ ಇದೆ. ಬಚ್ಚಲಲ್ಲಿ ನಿನ್ನ ತೋಳು ಹಿಡಿದುಕೊಂಡಾಗ ನನ್ನ ಹಿಡಿತ ಬಿಗಿಯಾದರೆ ಅದು ಬೇಕೆಂದೋ ಜಾರಬಾರದೆಂದೋ ನನಗೇ ತಿಳಿಯಲಿಕ್ಕಿಲ್ಲ. ಈಗಲೇ ಹೇಳಿಬಿಡುತ್ತಿದ್ದೇನೆ.

ಹೊಸ ಕೆಲಸ ಸಿಕ್ಕಿಲ್ಲ. ಸಿಗುವವರೆಗೆ ಇರುತ್ತೇನೆ. ಆಮೇಲಿನದು ಆಮೇಲೆ. ಗುಂಗುರಿಯ ಪುಸ್ತಕಗಳನ್ನು ನಾನು ಬರುವ ಮೊದಲು ಕಣ್ಣಿಗೆ ಬೀಳದ ಕಡೆ ಇಡಿಸು. ಆ ಮಾತು ನೀನು ಎತ್ತಬೇಡ, ನಾನೂ ಎತ್ತುವುದಿಲ್ಲ.

ಶನಿವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ನಿನ್ನ ಮುಂಬಾಗಿಲಿನ ಚಿಲಕ ಬಿಗಿ ಎಂದು ನೆನಪು. ಪಕ್ಕದ ಮನೆಯವಳಿಗೆ ಹೇಳಿ ತೆಗೆಸಿಡು. ನೀನು ಏಳಬೇಡ. ನಾನೇ ತಳ್ಳಿಕೊಂಡು ಒಳಗೆ ಬರುತ್ತೇನೆ.

ತಂಗಿ